ಬೆತ್ಲೆಹೇಮಿನ ದಾರಿ ಗೊತ್ತಿದ್ದವರು

ಹೋದ ವರ್ಷ ಜನವರಿಯಲ್ಲಿ ಹಡಗಲಿಯ ಒಂದು ಮದುವೆಗೆ ಹೊರಟಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಬದಲಿಸಬೇಕಿತ್ತು. ನಿಲ್ದಾಣದ ಎದುರಿನ ಅಂಗಡಿ ಸಾಲಿನಲ್ಲಿ ಹಸಿರು ರುಮಾಲಿನ ಫಕೀರರೊಬ್ಬರು ಕೆಂಡದ ಬಟ್ಟಲಿಗೆ ಪುಡಿ ಉದುರಿಸಿ, ನವಿಲುಗರಿಯ ಕಟ್ಟಿನಿಂದ ಹೊಗೆಯನ್ನು ಒಂದೊಂದೇ ಅಂಗಡಿಯೊಳಕ್ಕೆ ಬೀಸುತ್ತ ಬರುತ್ತಿದ್ದರು. ಲೋಬಾನದ ವಾಸನೆ. ಅದು ಮೂಗಿಗೆ ತಾಗಿದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದೆ. ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಚಳಿಗಾಲವಿಡೀ, ಇದೇ ಊರಿನಲ್ಲಿ ನಾನು ಹೀಗೆಯೇ ನಡೆಯುತ್ತಿದ್ದೆ.

ಆಗ ನನಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ನನ್ನ ಗಂಡ ಪ್ರಭಾಕರ ಹೊಸದಾಗಿ ದೀಕ್ಷೆ ಪಡೆದ ಸಭಾಪಾಲಕರು, ಚರ್ಚಿನ ಪಾದ್ರಿ. ಜನ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಆ ಸಂಬಂಧದಿಂದ ನಾನು ಅಮ್ಮನವರು. ನನ್ನ ತಾಯಿಯ ವಯಸ್ಸಿನವರೂ ನನ್ನ ಮುಂದೆ ಎದ್ದು ನಿಲ್ಲುತ್ತಿದ್ದರು. ಅದು ನನಗೆ ಮುಜುಗರ. ಗದಗಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಔಷಧದ ಟ್ರೇ ಹಿಡಿದು ಓಡಾಡಿ ಅಭ್ಯಾಸವಾದವಳಿಗೆ ಸಭೆಯ ಮನೆಯಲ್ಲಿ ಕೂತು ಬಂದವರಿಗೆ ಚಹಾ ಕೊಡುವ ಕೆಲಸ ಸಿಕ್ಕಿತ್ತು. ಕೆಲಸ ಬಿಟ್ಟು ಬಾ ಎಂದು ಪ್ರಭಾಕರ ಒತ್ತಾಯಿಸಿರಲಿಲ್ಲ. ಬಿಡದೆ ಬರುವ ದಾರಿಯೂ ಇರಲಿಲ್ಲ.

ಸಭೆ ಚಿಕ್ಕದು, ಊರುಗಳು ದೂರ ದೂರ. ಹಗರಿಬೊಮ್ಮನಹಳ್ಳಿಯಲ್ಲಿ ಕೆಲವೇ ಮನೆಗಳು, ಕೂಡ್ಲಿಗಿಯಲ್ಲಿ ಎರಡು ಮೂರು, ಹಡಗಲಿಯಲ್ಲಿ ಅಷ್ಟೇ. ಪ್ರಭಾಕರ ವಾರದಲ್ಲಿ ಹೆಚ್ಚಿನ ದಿನ ಬಸ್ಸಿನಲ್ಲೇ ಇರುತ್ತಿದ್ದರು. ನಾನು ಸಂಜೆಯಾದರೆ ಚಪ್ಪಲಿ ಮೆಟ್ಟಿ ರೈಲು ಹಳಿಯ ಕಡೆ ಹೊರಡುತ್ತಿದ್ದೆ. ಆಗ ಹಳಿ ಇತ್ತು, ಜನ ಹತ್ತುವ ರೈಲು ನಿಂತುಹೋಗಿತ್ತು. ಎರಡೂ ಬದಿಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿರುತ್ತಿತ್ತು. ಡಿಸೆಂಬರಿನ ಮೂಡಗಾಳಿ ಬೀಸಿದರೆ ಹೊಲವೆಲ್ಲ ಒಣಕಾಗದದಂತೆ ಸದ್ದು ಮಾಡುತ್ತಿತ್ತು. ಆ ಸದ್ದಿಗೆ ನನ್ನ ಎದೆಯೊಳಗಿನ ತಳಮಳ ಇನ್ನೂ ಹೆಚ್ಚಾಗುತ್ತಿತ್ತು. ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲದು. ಇದು ನಂಬಿಕೆಯ ಕೊರತೆ ಎಂದೇ ನಾನು ತಿಳಿದಿದ್ದೆ. ಒಳ್ಳೆಯ ಕ್ರೈಸ್ತರ ಮನಸ್ಸು ಶಾಂತವಾಗಿರುತ್ತದೆ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆನಲ್ಲ.

ಸಭೆಯ ಹಿರಿಯರೆಂದರೆ ದೇವದಾನಪ್ಪ ಮೇಷ್ಟ್ರು. ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವರ ತಂದೆ ಇನ್ನೊಬ್ಬರ ಹೊಲದಲ್ಲಿ ದುಡಿದವರು; ಓದಿ ನೌಕರಿ ಹಿಡಿದ ಮೊದಲಿಗರು ಇವರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಕಪ್ಪು ರಟ್ಟಿನ ಬೈಬಲ್ಲು. ವಚನ ಹೇಳಲು ಅವರಿಗೆ ಪುಟ ತೆರೆಯುವ ಅಗತ್ಯವೇ ಇರಲಿಲ್ಲ. ಚರ್ಚಿನ ಕಟ್ಟಡ ಎದ್ದದ್ದು ಅವರ ಓಡಾಟದಿಂದ. ಯಾವ ಅಯ್ಯನವರು ಬಂದರೂ ಮೊದಲು ಅವರ ಮಾತು ಕೇಳಬೇಕಿತ್ತು. ಕೆಟ್ಟವರಲ್ಲ. ನಾವು ಬಂದ ದಿನ ಮನೆಗೆ ನೀರು ತುಂಬಿಸಿ, ಒಲೆ ಹಚ್ಚಿಸಿ, ರೊಟ್ಟಿ ಬುಟ್ಟಿ ಕಳಿಸಿದ್ದವರೂ ಅವರೇ.

ಆ ವರ್ಷ ಡಿಸೆಂಬರಿನಿಂದ ಜನವರಿಯ ಮೊದಲ ವಾರದವರೆಗೆ ಬುಧವಾರ ಸಂಜೆಗಳಲ್ಲಿ ಮೇಷ್ಟ್ರು ಒಂದೇ ವಿಷಯದ ಮೇಲೆ ಪಾಠ ಮಾಡುವುದೆಂದು ಗೊತ್ತಾಯಿತು: ಕೂಸಾಗಿ ಹುಟ್ಟಿದ ಯೇಸುವನ್ನು ನೋಡಲು ಮೂಡಣ ದೇಶದಿಂದ ಜೋಯಿಸರು ಮಾಡಿದ ಪ್ರಯಾಣ. ಅವರ ಪಾಠ ಸೊಗಸಾಗಿರುತ್ತಿತ್ತು. ಕಪ್ಪು ಹಲಗೆಯ ಮೇಲೆ ನಕ್ಷೆ ಬರೆಯುತ್ತಿದ್ದರು. ಆ ಪರದೇಶದವರು ಚುಕ್ಕಿ ನೋಡಿ ಹೊರಟದ್ದು, ನೇರವಾಗಿ ಯೆರೂಸಲೇಮಿನ ಅರಮನೆಗೆ ಹೋಗಿ ರಾಜ ಎಲ್ಲಿ ಹುಟ್ಟಿದ್ದಾನೆ ಎಂದು ಕೇಳಿದ್ದು, ಅಲ್ಲಿನ ಅರಸ ಹೆರೋದನು ಶಾಸ್ತ್ರಿಗಳನ್ನು ಕರೆಸಿದ್ದು, ಅವರು ಗ್ರಂಥ ನೋಡಿ ಬೆತ್ಲೆಹೇಮ್ ಎಂದು ಊರಿನ ಹೆಸರು ಹೇಳಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. ಕೊನೆಯ ಬುಧವಾರ ಜೋಯಿಸರ ಕಾಣಿಕೆಗಳಾದ ಚಿನ್ನ, ಧೂಪ, ರಕ್ತಬೋಳಗಳ ಪಾಠ. ಅದಕ್ಕೆಂದು ಬಜಾರದಿಂದ ಲೋಬಾನ ತಂದು ಕೆಂಡದ ಮೇಲೆ ಹಾಕಿ ತೋರಿಸಿದರು. ಚಿಕ್ಕ ಚರ್ಚು ಹೊಗೆಯಿಂದ ತುಂಬಿತು. ಆಮೇಲೆ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯ ಪೊಟ್ಟಣ ಬಿಚ್ಚಿ ರಕ್ತಬೋಳದ ಕಂದು ಚೂರುಗಳನ್ನು ಕೈಯಿಂದ ಕೈಗೆ ದಾಟಿಸಿದರು.

"ಇದು ಕಹಿ. ಹೆಣಕ್ಕ ಹಚ್ಚೋ ಸುಗಂಧದಾಗ ಹಾಕತಿದ್ರು. ಕೂಸಿನ ಮುಂದ ಇದನ್ನ ಇಟ್ರು ಅಂದ್ರ, ಆ ಕೂಸು ಮುಂದ ಸಾಯೋದೈತಿ ಅಂತ ಅರ್ಥ," ಎಂದರು.

ಚೂರು ರತ್ನಮ್ಮನವರ ಕೈಗೆ ಬಂತು. ಅವರು ಮೇಷ್ಟ್ರ ಹೆಂಡತಿ. ಪಾಠದ ದಿನಗಳಲ್ಲಿ ಬಾಗಿಲ ಹತ್ತಿರ ಚಾಪೆಯ ಅಂಚಿನಲ್ಲಿ ಕೂರುತ್ತಿದ್ದ, ಬಾಯಿ ಬಿಡದ ಹೆಂಗಸು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅವರು ಚೂರನ್ನು ಮೂಸಿ ನೋಡಿದರು.

"ಇದು ಬಾಣಂತಿಗೆ ಕೊಡೋ ಬೋಳಲ್ಲೇನ್ರಿ? ಹೊಟ್ಟಿ ನೋವಿಗೆ ಅರದು ಕೊಡ್ತಾರಲ್ಲ," ಎಂದರು.

ಹೆಂಗಸರು ಹೌದೆಂದು ತಲೆಯಾಡಿಸಿದರು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ. ಮುಂದಿನ ಮಾತಿಗೆ ಹೋಗಲು ಬೈಬಲ್ಲು ಎತ್ತಿಕೊಂಡರು. ಆಗ ರತ್ನಮ್ಮ ತಲೆ ಎತ್ತದೆ ಇನ್ನೊಂದು ಮಾತು ಕೇಳಿದರು.

"ನಂದೊಂದು ಸಂಶೆ ಐತಿ. ಆ ಶಾಸ್ತ್ರಿಗಳಿಗೆ ಊರು ಗೊತ್ತಿತ್ತಲ್ಲ. ಬೆತ್ಲೆಹೇಮು ಅಲ್ಲೇ ಮಗ್ಗಲದಾಗ ಐತಿ ಅಂತ ನೀವ ನಕ್ಷಿ ಬರದು ತೋರ್ಸಿದ್ರಿ. ದೂರದೋರು ಅಷ್ಟು ದೂರದಿಂದ ಬಂದ್ರು. ಊರು ಗೊತ್ತಿದ್ದೋರು ತಾವ್ಯಾಕ ಹೋಗ್ಲಿಲ್ಲ?"

ಮೇಷ್ಟ್ರು ಎತ್ತಿಕೊಂಡಿದ್ದ ಬೈಬಲ್ಲನ್ನು ಮತ್ತೆ ಕಂಕುಳಿಗೆ ಸೇರಿಸಿದರು. "ಅದು ಬೈಬಲ್ಲಿನಾಗ ಬರದಿಲ್ಲ," ಎಂದು ಹೇಳಿ ಪಾಠ ಮುಗಿಸಿದರು.

ಮರುದಿನ ಬೆಳಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ರತ್ನಮ್ಮ ಶಾಲು ಹೊದ್ದು, ಕೈಯಲ್ಲೊಂದು ಬಟ್ಟೆಯ ಗಂಟು ಹಿಡಿದು ಬಂದರು.

"ಅಮ್ಮನವ್ರೇ, ನೀವು ನರ್ಸಮ್ಮ ಅದೀರಿ ಅಂತ ಬಂದೀನಿ. ನನ್ನ ಮಗಳು ಹಡದಾಳ್ರಿ. ದಿನ ತುಂಬೋಕಿಂತ ಮುಂಚೇನ ಆಗೇತಂತ. ಕೂಸು ಹಾಲು ಕುಡಿಯವಲ್ಲದಂತ. ಅರಸೀಕೆರಿ ಸಂತಿಗೆ ಹೋಗಿ ಬಂದೋರು ಹೇಳಿದ್ರು."

ಅವರಿಗೊಬ್ಬ ಮಗಳಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಆ ಮನೆಯ ಗೋಡೆಯ ಮೇಲೆ ಇಬ್ಬರು ಗಂಡುಮಕ್ಕಳ ಫೋಟೋ ಮಾತ್ರ ಇದ್ದವು. ರತ್ನಮ್ಮ ಹೊಸ್ತಿಲ ಮೇಲೆ ಕೂತು ಹೇಳಿದರು. ಮಗಳ ಹೆಸರು ಸುಗುಣ. ಹರಪನಹಳ್ಳಿಯ ಟೈಪಿಂಗ್ ಕ್ಲಾಸಿಗೆ ಹೋಗುವಾಗ ಕೊಟ್ಟೂರಿನ ಹುಡುಗ ಬಸವರಾಜನ ಪರಿಚಯವಾಯಿತು. ಕಾಳುಕಡಿ ವ್ಯಾಪಾರದ ಲಿಂಗಾಯತರ ಮನೆ. ಇಬ್ಬರೂ ಯಾರಿಗೂ ಹೇಳದೆ ರಿಜಿಸ್ಟರ್ ಮದುವೆ ಮಾಡಿಕೊಂಡರು. ಆ ಭಾನುವಾರ ಮೇಷ್ಟ್ರೇ ಎದ್ದು ನಿಂತು, ತಮ್ಮ ಮಗಳ ಹೆಸರನ್ನು ಸಭೆಯಿಂದ ತೆಗೆಯಬೇಕೆಂದು ಹೇಳಿದರು. ಅತ್ತ ಹುಡುಗನ ಮನೆಯವರೂ ಬಾಗಿಲು ಮುಚ್ಚಿದರು. ಗಂಡ ಹೆಂಡತಿ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ ಹೋಗಿ, ಅವನು ಪಂಪ್‌ಸೆಟ್ಟಿನ ಮೋಟರ್ ರಿಪೇರಿಯ ಅಂಗಡಿ ಇಟ್ಟ.

"ಮೇಷ್ಟ್ರಿಗೆ ಗೊತ್ತೈತೇನು?" ಎಂದೆ.

"ಎಲ್ಲಾ ಗೊತ್ತೈತ್ರಿ. ಯಾವ ಓಣಿ, ಯಾವ ಮನಿ, ಎಲ್ಲಾ. ನಿನ್ನಿ ರಾತ್ರಿ ಕೇಳಿದೆ. ನೀ ಹೋದ್ರ ಹೋಗು, ನನಗ ಕೇಳಬ್ಯಾಡ ಅಂದ್ರು."

ಪ್ರಭಾಕರ ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಚೀಲಕ್ಕೆ ಥರ್ಮಾಮೀಟರು, ಹತ್ತಿ, ಒಗೆದ ಹಳೆಯ ಸೀರೆ ತುಂಬುತ್ತಿದ್ದಾಗ ಬಾಗಿಲಲ್ಲಿ ನಿಂತು, "ಸ್ವಲ್ಪ ತಡೀಬಾರ್ದಾ? ನಾನು ಮೇಷ್ಟ್ರ ಹತ್ರ ಮಾತಾಡಿ ನೋಡ್ತೀನಿ. ನಾವಾಗೇ ಹೋದ್ರೆ ಸಭೆ ಒಡೀತದೆ," ಎಂದರು.

"ಹಾಲು ಕುಡೀದ ಕೂಸು ತಡಿಯೋದಿಲ್ಲ," ಎಂದೆ.

ಅವರು ಚಪ್ಪಲಿ ಮೆಟ್ಟಿದರು. ಬಸ್ ನಿಲ್ದಾಣದವರೆಗೆ ನಮ್ಮ ಚೀಲ ಹಿಡಿದುಕೊಂಡು ಬಂದರು.

ಅರಸೀಕೆರೆಯಲ್ಲಿ ಮನೆ ಎಲ್ಲಿ ಎಂಬುದು ರತ್ನಮ್ಮನಿಗೆ ಸರಿಯಾಗಿ ಗೊತ್ತಿರಲಿಲ್ಲ. ಗಂಡನನ್ನು ಕೇಳುವ ಧೈರ್ಯವಾಗಿರಲಿಲ್ಲ. ಹುಡುಗನ ತಂದೆಯ ಮನೆ ಕೊಟ್ಟೂರಿನಲ್ಲಿದೆ ಎಂಬುದಷ್ಟು ಗೊತ್ತು. ಅಲ್ಲಿ ಇಳಿದು, ಅಂಗಡಿಗಳಲ್ಲಿ ಕೇಳುತ್ತ, ಕೆತ್ತನೆಯ ಕಟ್ಟಿಗೆ ಬಾಗಿಲಿನ ದೊಡ್ಡ ಮನೆಯೊಂದರ ಮುಂದೆ ಬಂದು ನಿಂತೆವು. ಹೊರಗೆ ಶೇಂಗಾದ ಚೀಲಗಳನ್ನು ಪೇರಿಸಿದ್ದರು. ಜಗುಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಗುರುಬಸಪ್ಪನವರೇ ಬಸವರಾಜನ ತಂದೆ. ನಾವು ಯಾರೆಂದು ಹೇಳಿದ ಮೇಲೆ ಅವರ ಮುಖ ಬಿಗಿಯಿತು. ಆದರೂ, "ಬಿಸಿಲಾಗ ನಿಂದರಬ್ಯಾಡ್ರಿ, ಕುಂದರ್ರಿ," ಎಂದು ಜಗುಲಿ ತೋರಿಸಿ ಒಳಗಿಂದ ನೀರು ತರಿಸಿದರು.

"ಅವ್ರು ಇಲ್ಲಿ ಇಲ್ರಿ. ನಮಗೂ ಅವ್ರಿಗೂ ಸಂಬಂಧ ಇಲ್ಲ," ಎಂದರು.

"ಮನಿ ಎಲ್ಲೈತಿ ಅಂತ ಹೇಳಿದ್ರ ಸಾಕ್ರಿ," ಎಂದರು ರತ್ನಮ್ಮ.

ಗುರುಬಸಪ್ಪ ತಲೆ ತಗ್ಗಿಸಿ, ಯಾರಿಗೋ ಹೇಳುವಂತೆ ಹೇಳತೊಡಗಿದರು. ಅರಸೀಕೆರಿ ಬಸ್ ಸ್ಟ್ಯಾಂಡಿನಾಗ ಇಳಿದು ಸಂತಿ ಬಯಲಿನ ಕಡಿ ಹೋಗ್ರಿ. ಬಯಲು ದಾಟಿದ್ರ ಹಿಟ್ಟಿನ ಗಿರಣಿ. ಗಿರಣಿ ಬಾಜೂಕ ಸಂದಿ. ಸಂದ್ಯಾಗ ಬೇವಿನ ಗಿಡ. ಗಿಡದ ಎದುರಿಗೆ ನೀಲಿ ಬಣ್ಣದ ಬಾಗಿಲು. ಬಾಗಿಲು ಕೆಳಗ ಐತಿ, ತಲಿ ಬಗ್ಗಿಸಿ ಒಳಗ ಹೋಗಬೇಕು.

ಈ ಮನುಷ್ಯ ಆ ಬಾಗಿಲಿನವರೆಗೆ ಹೋಗಿದ್ದಾನೆ. ಒಂದಲ್ಲ ಒಂದು ದಿನ ಬೇವಿನ ಮರದ ಕೆಳಗೆ ನಿಂತು, ಒಳಗೆ ಕಾಲಿಡದೆ ತಿರುಗಿ ಬಂದಿದ್ದಾನೆ. ಹಿಂದಿನ ಸಂಜೆಯ ಪ್ರಶ್ನೆಗೆ ಉತ್ತರ ಹೀಗೆ ಜಗುಲಿಯ ಮೇಲೆ ಕೂತಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಯೆರೂಸಲೇಮಿನ ಶಾಸ್ತ್ರಿಗಳನ್ನು ನಾನು ಅಷ್ಟರವರೆಗೆ ಕಲ್ಲೆದೆಯವರೆಂದು ತಿಳಿದಿದ್ದೆ. ಅವರಿಗೂ ಹೋಗುವ ಮನಸ್ಸಿದ್ದಿರಬಹುದು. ಜನ ಏನೆನ್ನುತ್ತಾರೆ, ಇಷ್ಟು ದಿನ ಹೇಳಿದ ಮಾತು ಏನಾಗುತ್ತದೆ ಎಂದು ಅಂಜಿ, ದಾರಿಯನ್ನು ಮಾತ್ರ ಸರಿಯಾಗಿ ಹೇಳಿ ಉಳಿದುಬಿಟ್ಟಿರಬಹುದು. ಒಬ್ಬರು ಕೊಟ್ಟೂರಿನಲ್ಲಿ, ಒಬ್ಬರು ಹಗರಿಬೊಮ್ಮನಹಳ್ಳಿಯಲ್ಲಿ, ಒಂದೇ ಕೂಸಿನ ಇಬ್ಬರು ಅಜ್ಜಂದಿರು ಆ ದಿನ ಹಾಗೆ ಕೂತಿದ್ದರು.

ನಾವು ಎದ್ದಾಗ ಗುರುಬಸಪ್ಪ ಮೆಟ್ಟಿಲವರೆಗೆ ಬಂದರು. ದನಿ ತಗ್ಗಿಸಿ, "ವಾಪಸ್ ಇದ ದಾರಿಗೇ ಬರ್ತೀರಲ್ಲ. ಕೂಸು ಹೆಂಗೈತಿ ಅಂತ ಒಂದು ಮಾತು ಹೇಳಿ ಹೋಗ್ರಿ," ಎಂದರು.

ಬಸ್ಸಿನಲ್ಲಿ ಕೂತ ಮೇಲೆ ರತ್ನಮ್ಮ ನನ್ನ ಕಿವಿಯಲ್ಲಿ, "ಹೆರೋದನೂ ಹಿಂಗ ಅಂದಿದ್ದಲ್ರಿ, ಕೂಸು ಸಿಕ್ರ ನನಗ ಬಂದು ಹೇಳ್ರಿ ಅಂತ, ಅದನ್ನ ಕೊಲ್ಲಾಕ," ಎಂದರು. ಆಮೇಲೆ ತಾವೇ, "ಇವ್ರು ಹಂಗಲ್ಲ ಬಿಡ್ರಿ. ಕಣ್ಣಾಗ ನೀರಿತ್ತು," ಎಂದು ತಿದ್ದಿಕೊಂಡರು.

ಅರಸೀಕೆರೆಯಲ್ಲಿ ಸಂತೆಯ ಬಯಲು, ಗಿರಣಿ, ಸಂದಿ, ಬೇವಿನ ಮರ, ಎಲ್ಲವೂ ಅವರು ಹೇಳಿದಂತೆಯೇ ಇದ್ದವು. ನೀಲಿ ಬಾಗಿಲು ನಿಜಕ್ಕೂ ತಗ್ಗು. ಒಂದೇ ಕೋಣೆ, ಮೂಲೆಯಲ್ಲಿ ಬಿಚ್ಚಿದ ಮೋಟರುಗಳು, ತಾಮ್ರದ ತಂತಿಯ ಸುರುಳಿ, ಗ್ರೀಸಿನ ವಾಸನೆ. ನೆಲದ ಮೇಲೆ ಕೌದಿ ಹಾಸಿ ಸುಗುಣ ಮಲಗಿದ್ದಳು. ತಾಯಿಯನ್ನು ನೋಡಿ ಏಳಲು ಹೋದಳು, ಆಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಎದೆ ಬಿಗಿದು ಕಲ್ಲಾಗಿತ್ತು. ಪಕ್ಕದಲ್ಲಿ ಕೂಸು, ಒಂದು ಅಂಗೈ ಅಗಲದ ಮುಖ, ಬಟ್ಟೆಯೊಳಗೆ ಮುದುಡಿಕೊಂಡಿತ್ತು. ಬಸವರಾಜ ಬತ್ತಿಯಿಂದ ಅದರ ಬಾಯಿಗೆ ಸಕ್ಕರೆ ನೀರು ಹಿಂಡುತ್ತಿದ್ದ. ಅವನ ಕೈಯ ಗ್ರೀಸು ಎಷ್ಟು ತೊಳೆದರೂ ಹೋಗಿರಲಿಲ್ಲ.

ರತ್ನಮ್ಮ ಮೊಣಕಾಲೂರಿ ಕೂಸಿನ ಮುಂದೆ ಕೂತರು. ಬಟ್ಟೆಯ ಗಂಟು ಬಿಚ್ಚಿ ತಂದದ್ದನ್ನೆಲ್ಲ ಕೆಳಗಿಟ್ಟರು: ತುಪ್ಪದ ಡಬ್ಬಿ, ಕೊಬ್ಬರಿ, ಕೂಸಿನ ತಲೆಗೆ ಕುಂಚಿಗೆ, ಕಾಗದದಲ್ಲಿ ಸುತ್ತಿದ ಬೋಳದ ಚೂರು. ನಾನು ಬಾಗಿಲಲ್ಲಿ ಬಗ್ಗಿ ನಿಂತವಳು ಹಾಗೆಯೇ ನೋಡುತ್ತಿದ್ದೆ. ಜೋಯಿಸರು ಒಳಕ್ಕೆ ಹೋಗಿ ಕೂಸನ್ನು ಕಂಡು ಅಡ್ಡಬಿದ್ದರು ಎಂಬುದನ್ನು ಎಷ್ಟೋ ಸಲ ಓದಿದ್ದೆ. ಅವರು ಅರಮನೆಯಲ್ಲಿ ಹುಡುಕಿ, ಇಂಥ ಒಂದು ಮನೆಯ ನೆಲದ ಮೇಲೆ ಕಂಡರು ಎಂದು ನನಗೆ ಹೊಳೆದದ್ದು ಅಂದು. ಅವರಿಗೂ ಒಂದು ಗಳಿಗೆ, ನಾವು ಬಂದ ಊರು ಇದೇ ಹೌದೋ ಅಲ್ಲವೋ ಎಂಬ ಅನುಮಾನ ಬಂದಿರಬೇಕು.

ಹೆಚ್ಚು ಹೊತ್ತು ನೋಡುತ್ತ ನಿಲ್ಲುವಂತಿರಲಿಲ್ಲ. ಕೂಸನ್ನು ಮುಟ್ಟಿದರೆ ಕೈಕಾಲು ತಣ್ಣಗಿದ್ದವು. ಅಂಗಾಲಿಗೆ ಬೆರಳಿನಿಂದ ತಟ್ಟಿದರೂ ಗಟ್ಟಿಯಾಗಿ ಅಳಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ಸಕ್ಕರೆ ನೀರು ಬಿಡಿಸಿ, ಕೂಸಿನ ಬಟ್ಟೆ ತೆಗೆದು, ಸುಗುಣಳ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ ಮೇಲೆ ಸೀರೆ ಸುತ್ತಿದೆ.

"ಆಸ್ಪತ್ರಿಗೆ ಹೋಗಬೇಕು, ಈಗಲೇ," ಎಂದೆ.

"ನಾಳೆ ಅಮಾಸಿ ಅಂತ ಮಂದಿ..." ಎಂದು ಬಸವರಾಜ ತಡವರಿಸಿದ. ಆಮೇಲೆ ಹೆಂಡತಿಯ ಮುಖ ನೋಡಿ, "ಟೆಂಪೋ ತರ್ತೀನ್ರಿ," ಎಂದು ಓಡಿದ.

ಹರಪನಹಳ್ಳಿಯ ಆಸ್ಪತ್ರೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಟೆಂಪೋದಲ್ಲಿ ದಾರಿಯುದ್ದಕ್ಕೂ ನನ್ನ ಎರಡು ಬೆರಳು ಕೂಸಿನ ಬೆನ್ನ ಮೇಲಿದ್ದವು. ಉಸಿರು ತಡವಾದಾಗೆಲ್ಲ ಬೆನ್ನು ತಿಕ್ಕುತ್ತಿದ್ದೆ. ಡಾಕ್ಟರು ಇದ್ದರು, ಅದು ದೇವರ ದಯೆ. ತಾಯಿಗೆ ಸೋಂಕು, ಕೂಸಿಗೆ ಮೈ ತಣ್ಣಗಾಗಿ ಶಕ್ತಿ ಇಳಿದಿದೆ ಎಂದು ಇಬ್ಬರಿಗೂ ಇಂಜೆಕ್ಷನ್ ಶುರು ಮಾಡಿದರು. ಅಲ್ಲಿನ ನರ್ಸ್ ಒಬ್ಬಳೇ ಇದ್ದಳು, ನಾನೂ ಜೊತೆಗೂಡಿದೆ. ಹಾಲು ಹಿಂಡಿ ಚಮಚದಿಂದ ಕುಡಿಸಿದೆ. ಎಷ್ಟೋ ತಿಂಗಳ ಮೇಲೆ ನನ್ನ ಕೈಗಳಿಗೆ ತಮ್ಮ ಕೆಲಸ ನೆನಪಾಗಿತ್ತು.

ಬೆಳಗ್ಗೆ ಕೂಸು ಅತ್ತಿತು. ತೆಳುವಾಗಿ, ಸಿಟ್ಟಿನಿಂದ. ರತ್ನಮ್ಮ ಮಗಳ ಜೊತೆ ಉಳಿದರು. ನಾನು ಊರಿಗೆ ಹೊರಟೆ. ಕೊಟ್ಟೂರಿನ ಬಸ್ಸು ಕೆಟ್ಟು ನಿಂತಿತ್ತು, ಇಟ್ಟಿಗಿ ಮೇಲೆ ಹೋಗುವ ಬಸ್ಸು ಎದುರಿಗೇ ಬಂತು, ಹತ್ತಿಬಿಟ್ಟೆ. ಗುರುಬಸಪ್ಪನವರಿಗೆ ಒಂದು ಮಾತು ಹೇಳಬೇಕಿತ್ತು ಎಂಬುದು ನೆನಪಾಗುವಾಗ ಬಸ್ಸು ಬಹಳ ದೂರ ಬಂದಿತ್ತು.

ಆ ಒಂದು ಮಾತಿಗಾಗಿ ಅವರು ಹಿಂದಿನ ದಿನ ಕತ್ತಲಾಗುವವರೆಗೆ ಜಗುಲಿ ಬಿಟ್ಟು ಎದ್ದಿರಲಿಲ್ಲವಂತೆ. ನಾವು ಬರಲಿಲ್ಲ. ಕೂಸಿಗೆ ಏನೋ ಆಗಿರಬೇಕೆಂದುಕೊಂಡರು. ಅಂದೂ ಮಧ್ಯಾಹ್ನದವರೆಗೆ ಕಾದು, ತಾವೇ ಅರಸೀಕೆರೆಗೆ ಹೋದರು. ನೀಲಿ ಬಾಗಿಲಿಗೆ ಬೀಗ. ಓಣಿಯವರಿಂದ ಕೇಳಿಕೊಂಡು ಹರಪನಹಳ್ಳಿ ಆಸ್ಪತ್ರೆಗೆ ಬಂದು, ಹೊರಗಿನ ಬೆಂಚಿನ ಮೇಲೆ ಕೂತಿದ್ದ ರತ್ನಮ್ಮನನ್ನು ಕಂಡು, "ಒಂದು ಮಾತು ಹೇಳಿ ಹೋಗ್ರಿ ಅಂದಿದ್ನಲ್ಲಮ್ಮ. ರಾತ್ರೆಲ್ಲಾ ಜೀವ ಕೈಯಾಗ ಹಿಡ್ಕೊಂಡು ಕುಂತೀನಿ," ಎಂದು ಗದರಿದರಂತೆ. ನಾವು ಬೇರೆ ದಾರಿ ಹಿಡಿಯದೆ, ಕೊಟ್ಟೂರಿನಲ್ಲಿ ಇಳಿದು ಕೂಸು ಆರಾಮ ಐತಿ ಎಂದು ಹೇಳಿದ್ದರೆ, ಆ ಮುದುಕ ಅಷ್ಟಕ್ಕೇ ಸಮಾಧಾನಪಟ್ಟು ಜಗುಲಿಯ ಮೇಲೇ ಉಳಿಯುತ್ತಿದ್ದರೇನೋ. ದೇವರು ಜೋಯಿಸರನ್ನು ಹೆರೋದನ ಬಳಿಗೆ ಬಿಡದೆ ಬೇರೆ ದಾರಿಯಿಂದ ಕಳಿಸಿದ್ದು ಒಂದು ಕೂಸಿನ ಜೀವ ಉಳಿಸಲು. ನಮ್ಮನ್ನು ಕಳಿಸಿದ್ದು ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಊರಿಗೆ ಬಂದವಳು ನೇರ ಮೇಷ್ಟ್ರ ಮನೆಗೆ ಹೋದೆ. ಅವರು ತಾವೇ ಅನ್ನ ಮಾಡಿಕೊಳ್ಳುತ್ತಿದ್ದರು. ರತ್ನಮ್ಮ ಆಸ್ಪತ್ರೆಯಲ್ಲಿದ್ದಾರೆ, ಕೆಲವು ದಿನ ಬರುವುದಿಲ್ಲ ಎಂದೆ. ಸುಗುಣ ಎಂಬ ಹೆಸರು ನನ್ನ ಬಾಯಲ್ಲಿ ಬಂದಾಗ ಅವರ ಕೈಯ ಸೌಟು ನಿಂತಿತು.

"ಅಮ್ಮನವ್ರೇ, ನೀವು ಸಣ್ಣೋರು. ಈ ಸಭಿ ಕಟ್ಟಾಕ ನಾನು ಏನು ಪಾಡು ಪಟ್ಟೀನಿ ನಿಮಗ ಗೊತ್ತಿಲ್ಲ. ಬ್ಯಾರೇರ ಮಕ್ಕಳಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು ನ್ಯಾಯ ಮಾಡಿದ್ರ ಯಾರು ನನ್ನ ಮಾತು ಕೇಳ್ತಾರ?" ಎಂದರು. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

"ಹೆಣ್ಣು ಕೂಸು, ಮೇಷ್ಟ್ರೇ. ಅಳಾಕತ್ತೈತಿ. ಉಳೀತೈತಿ," ಎಂದಷ್ಟೇ ಹೇಳಿ ಬಂದೆ. ಅವರು ಏನೂ ಕೇಳಲಿಲ್ಲ.

ಮರುದಿನ ಊರೆಲ್ಲ ಸುದ್ದಿಯಾಯಿತು. ಕೆಲವರು ನಮ್ಮ ಮನೆಗೆ ಬಂದು ಅಯ್ಯನವರು ಹೆಂಡತಿಗೆ ಬುದ್ಧಿ ಹೇಳಬೇಕಿತ್ತು ಎಂದರು. ಪ್ರಭಾಕರ ಬೇರೆ ಕಡೆಗೆ ವರ್ಗ ಕೇಳುವ ಮಾತೆತ್ತಿದರು. ಎಷ್ಟು ತಿಂಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಈಗ ಕೇಳಿ ನನಗೆ ಸಿಟ್ಟು ಬಂತು.

ಭಾನುವಾರ ಜೋಯಿಸರ ಹಬ್ಬ. ಪಾಠ ಓದುವ ಸರದಿ ಮೇಷ್ಟ್ರದ್ದೇ. ಓದುವುದಿಲ್ಲ ಎಂದಾರೆಂದುಕೊಂಡಿದ್ದೆವು, ಬಂದರು. ಅಂಗಿಗೆ ಇಸ್ತ್ರಿ ಇರಲಿಲ್ಲ. ಮತ್ತಾಯನ ಸುವಾರ್ತೆ ತೆರೆದು, ಎಂದಿನ ಗಟ್ಟಿ ದನಿಯಲ್ಲಿ ಶುರು ಮಾಡಿದರು. ಜೋಯಿಸರು ಬಂದರು, ಕೇಳಿದರು, ಹೆರೋದ ಕಳವಳಗೊಂಡ, ಶಾಸ್ತ್ರಿಗಳನ್ನು ಕೂಡಿಸಿದ. ಶಾಸ್ತ್ರಿಗಳು ಬೆತ್ಲೆಹೇಮ್ ಎಂದು ಉತ್ತರ ಕೊಡುವ ಸಾಲಿಗೆ ಬಂದಾಗ ನಿಂತರು. ಸಾಲು ತಪ್ಪಿತೇನೋ ಎಂದು ನಾವು ಕಾದೆವು. ಅವರು ಆ ಸಾಲನ್ನೇ ಇನ್ನೊಮ್ಮೆ, ಮೆಲ್ಲಗೆ, ತಮಗೇ ಓದಿಕೊಳ್ಳುವಂತೆ ಓದಿದರು. ಬೈಬಲ್ಲು ಮುಚ್ಚಿ ಪೀಠದ ಮೇಲಿಟ್ಟರು. ಪಂಚೆಯ ಚುಂಗು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ನಡುವಿನ ದಾರಿಯಿಂದ ಹೊರಗೆ ನಡೆದರು. ಎಲ್ಲರೂ ಅವರು ನಮ್ಮ ಮೇಲಿನ ಸಿಟ್ಟಿಗೆ ಎದ್ದು ಹೋದರೆಂದೇ ತಿಳಿದರು. ನಾನೂ ಹಾಗೇ ತಿಳಿದೆ. ಸ್ವಲ್ಪ ಹೊತ್ತಿಗೆ ತಡವಾಗಿ ಬಂದ ಹೆಂಗಸೊಬ್ಬಳು ನನ್ನ ಪಕ್ಕ ಕೂರುತ್ತ, "ಮೇಷ್ಟ್ರು ಎಲ್ಲಿಗೆ ಹೊಂಟಾರ್ರಿ? ಹರಪನಹಳ್ಳಿ ಬಸ್ ಹತ್ತಾಕತ್ತಿದ್ರು," ಎಂದಳು.

ಪ್ರಭಾಕರ ಪೀಠದ ಮುಂದೆ ನಿಂತು ಉಳಿದ ವಚನಗಳನ್ನು ತಾವೇ ಓದಿ ಮುಗಿಸಿದರು. ಅವರು ಬರೆದು ತಂದಿದ್ದ ಪ್ರಸಂಗದ ಹಾಳೆಗಳು ನನಗೆ ಗೊತ್ತಿದ್ದವು. ಅವನ್ನು ಬದಿಗಿಟ್ಟು, ತೊದಲುತ್ತ, ನಾಲ್ಕು ಮಾತು ಹೇಳಿದರು. ಚುಕ್ಕಿ ಅವರಿಗೆ ಊರಿನ ಹೆಸರು ಹೇಳಲಿಲ್ಲ, ಕೂತಲ್ಲಿ ಕೂರಗೊಡಲಿಲ್ಲ ಅಷ್ಟೇ. ಅವರು ತಪ್ಪು ಬಾಗಿಲು ತಟ್ಟಿದರು, ದೇವರು ಅದಕ್ಕೆ ಕೋಪಿಸಿಕೊಳ್ಳಲಿಲ್ಲ, ಆ ಬಾಗಿಲಿನಿಂದಲೇ ಮುಂದಿನ ದಾರಿ ಕೊಡಿಸಿದನು. ಹೊರಟವರು ದಾರಿ ತಪ್ಪಿದರೂ ಮುಟ್ಟುತ್ತಾರೆ. ಹೊರಡದವರಿಗೆ ಗ್ರಂಥವೆಲ್ಲ ಬಾಯಿಪಾಠವಿದ್ದರೂ ಏನು ಮಾಡುವುದು? ಮೊನ್ನೆ ನನ್ನ ಹೆಂಡತಿಗೆ ತಡಿ ಅಂದವನು ನಾನೇ, ಎಂದರು. ಅವರು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನನ್ನ ತಳಮಳ ಆ ದಿನಕ್ಕೆ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಿಲ್ಲಲಿಲ್ಲ, ಇಂದಿಗೂ ಪೂರ್ತಿ ನಿಂತಿಲ್ಲ. ಅದನ್ನು ನಂಬಿಕೆಯ ಕೊರತೆ ಎನ್ನುವುದನ್ನು ಮಾತ್ರ ಬಿಟ್ಟೆ. ಶಾಂತವಾಗಿದ್ದವರೆಂದರೆ ಆ ಕಥೆಯಲ್ಲಿ ಶಾಸ್ತ್ರಿಗಳು. ಕ್ರಿಸ್ತನನ್ನು ಕಂಡವರು ನಿದ್ದೆಗೆಟ್ಟು ದಾರಿ ಹಿಡಿದವರು. ಮನಸ್ಸಿನ ಕುದಿತವನ್ನು ದೇವರು ಯಾವಾಗಲೂ ಆರಿಸುವುದಿಲ್ಲ. ಕೆಲವು ಸಲ ಅದಕ್ಕೊಂದು ಊರು ತೋರಿಸಿ, ಹೋಗು ಎನ್ನುತ್ತಾನೆ. ನಾನು ಆಮೇಲೆ ಅರಸೀಕೆರೆಗೂ ಸುತ್ತಲಿನ ಹಳ್ಳಿಗಳಿಗೂ ಬಾಣಂತಿಯರನ್ನು ನೋಡಲು ಹೋಗತೊಡಗಿದೆ. ವರ್ಗದ ಮಾತು ಮತ್ತೆ ಎರಡು ವರ್ಷ ಬರಲಿಲ್ಲ.

ಎಲ್ಲವೂ ಸರಿಹೋಯಿತು ಎಂದಲ್ಲ. ಸಭೆಯಲ್ಲಿ ಒಂದೆರಡು ಮನೆಯವರು ಬಹಳ ದಿನ ನಮ್ಮ ಜೊತೆ ಮಾತು ಬಿಟ್ಟಿದ್ದರು. ಮೇಷ್ಟ್ರು ಹಿರಿಯರ ಸ್ಥಾನ ಬಿಟ್ಟುಕೊಟ್ಟರು, ಯಾಕೆಂದು ಹೇಳಲಿಲ್ಲ. ಗುರುಬಸಪ್ಪ ಸೊಸೆಯನ್ನೂ ಮೊಮ್ಮಗಳನ್ನೂ ಮನೆಗೆ ಕರೆದರು, ಅವರ ಹೆಂಡತಿ ಮಾತ್ರ ಮೊದಲ ವರ್ಷ ಮಾತಾಡಿಸಲಿಲ್ಲ. ಕೂಸಿಗೆ ದೀಕ್ಷಾಸ್ನಾನವೋ ಲಿಂಗಧಾರಣೆಯೋ ಎಂಬ ಮಾತು ಎರಡೂ ಮನೆಗಳಲ್ಲಿ ಎದ್ದು, ಯಾರೂ ಗೆಲ್ಲದೆ, ಹಾಗೆಯೇ ಉಳಿಯಿತು.

ಮೇಷ್ಟ್ರು ಆ ಭಾನುವಾರ ಆಸ್ಪತ್ರೆಯಲ್ಲಿ ಏನು ಮಾಡಿದರೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ರತ್ನಮ್ಮ ಆಗ ಬಟ್ಟೆ ಒಗೆಯಲು ಹೋಗಿದ್ದರಂತೆ. ಜೋಳದ ಕೊಯ್ಲಿನ ಹೊತ್ತಿಗೆ ಒಮ್ಮೆ ನಾನು ಅರಸೀಕೆರೆಗೆ ಹೋದಾಗ ಸುಗುಣಳೇ ಹೇಳಿದಳು. ಅಂಗಳದಲ್ಲಿ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅದರ ತೊಡೆಗಳಲ್ಲಿ ಮಡಿಕೆ ಬಿದ್ದಿದ್ದವು.

"ಅಪ್ಪ ವಾರ್ಡಿನ ಬಾಗಿಲಾಗ ಬಂದು ನಿಂತ್ರು. ಆಯಾ, ಗಂಡಸರು ಒಳಗ ಬರಂಗಿಲ್ಲ ಅಂದ್ಳು. ನಾ ನಿನ್ನ ಕೇಳಾಕತ್ತಿಲ್ಲಮ್ಮ ಅಂದ್ರು. ಆಮ್ಯಾಲ ನನ್ನ ಕಡಿ ನೋಡಿ, ಸುಗುಣ, ಒಳಗ ಬರ್ಲೇನು ಅಂತ ಕೇಳಿದ್ರು. ಅಕ್ಕಾರ, ನಾ ಹುಟ್ಟಿದಾಗಿಂದ ಅಪ್ಪ ನನಗ ಹೇಳ್ಯಾರ, ಬೈದಾರ, ಕಲಿಸ್ಯಾರ. ಏನರ ಕೇಳಿದ್ದು ಅದ ಮೊದಲು."

"ನೀ ಏನಂದಿ?" ಎಂದೆ.

"ಕೂಸನ್ನ ಎತ್ತಿ ತೋರ್ಸಿದೆ."